ಅಕ್ಕಲಕೋಟೆಯ ಶಾಸಕರಿಗೆ ಬಹಿರಂಗ ಪತ್ರ: ಪುಂಡಿ ನಾರಿಗೆ ಮೊದಲು ಹೊಂಡ ಕೊಡಿ

ಅಕ್ಕಲಕೋಟೆ ವಿಧಾನಸಭಾ ಕ್ಷೇತ್ರದ ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಜಿಲ್ಲಾ ನಿಯೋಜನ ಸಮಿತಿಯ ಮುಂದಿನ ಸಭೆಯಲ್ಲಿ ನಮ್ಮ ತಾಲೂಕಿನ ಪುಂಡಿ ನಾರಿನ ವಿಷಯ ತಾವು ಎತ್ತಬೇಕು ಎಂಬ ಕೋರಿಕೆಯಿಂದ ಈ ಪತ್ರ ಬರೆಯುತ್ತಿದ್ದೇವೆ. ಗಿರಣಿ ಕೇಳುತ್ತಿಲ್ಲ, ಎಕರೆಗಿಷ್ಟು ಎಂದು ಅನುದಾನವನ್ನೂ ಕೇಳುತ್ತಿಲ್ಲ. ಪುಂಡಿ ಬೆಳೆಯುವ ಊರುಗಳಿಗೆ, ನಾರು ಬಿಡಿಸಲು ಗಿಡವನ್ನು ನೀರಿನಲ್ಲಿ ಕೊಳೆಹಾಕುವ ಹೊಂಡ ಒಂದೊಂದು, ಹಸಿ ತೊಗಟೆ ಸುಲಿಯುವ ಯಂತ್ರ, ನಾರಿನ ತಳಿಯ ಬೀಜ, ಹಂಗಾಮಿಗೊಮ್ಮೆ ಖರೀದಿ, ಇಷ್ಟೇ. ಇವುಗಳಲ್ಲಿ ಹೊಂಡ ಮೊದಲು. ಹೊಂಡವಿಲ್ಲದೆ ಉಳಿದ ಮೂರೂ ದಂಡ.

ಪುಂಡಿಯನ್ನು ಪಲ್ಯದ ಸೊಪ್ಪು ಎಂದೇ ಇಲಾಖೆಯವರು ತಿಳಿದಿದ್ದಾರೆ. ಮಹಾರಾಷ್ಟ್ರ ಸರಕಾರದ ಮರಾಠಿ ಕಾಗದಪತ್ರದಲ್ಲಿ ಅದು ಅಂಬಾಡಿ. ಬ್ರಿಟಿಷರ ಕಾಲದ ವ್ಯಾಪಾರದಲ್ಲಿ ಇದೇ ನಾರಿಗೆ ಡೆಕ್ಕನ್ ಹೆಂಪ್, ಬಾಂಬೆ ಹೆಂಪ್ ಎಂಬ ಹೆಸರಿತ್ತು. ಆಂಧ್ರದ ಭೀಮುನಿಪಟ್ಟಣದ ಬಂದರಿನಿಂದ ಹೊರಟದ್ದು ಬಿಮ್ಲಿ ಸೆಣಬಾಯಿತು. ಸರಕಾರಿ ಭಾಷೆಯಲ್ಲಿ ಈಗ ಎಲ್ಲವೂ ಮೆಸ್ತಾ. ದಾಸವಾಳದ ಕುಲದ ಎರಡು ಗಿಡಗಳಿಗೆ ಈ ಹೆಸರು ಸಲ್ಲುತ್ತದೆ. ಒಂದರ ಎಲೆ ಬೆರಳು ಬಿಟ್ಟಂತೆ ಸೀಳಿರುತ್ತದೆ, ಕಾಂಡಕ್ಕೆ ಸಣ್ಣ ಮುಳ್ಳು, ಹಳದಿ ಹೂವಿನ ನಡುವೆ ಕಡುಗೆಂಪು. ನೂರರಿಂದ ನೂರಿಪ್ಪತ್ತು ದಿನಕ್ಕೆ ಕೊಯ್ಲಿಗೆ ಬರುತ್ತದೆ, ಆದರೆ ಬೇರಿಗೆ ಗಂಟುಹುಳದ ಕಾಟ ಜಾಸ್ತಿ. ಇನ್ನೊಂದು ಹುಳಿ ಪುಂಡಿ. ಇದಕ್ಕೆ ನೂರಿಪ್ಪತ್ತರಿಂದ ನೂರನಲವತ್ತು ದಿನ ಬೇಕು, ಬರ ತಡೆಯುವ ಶಕ್ತಿ ಹೆಚ್ಚು. ನಮ್ಮ ಹೊಲಗಳಲ್ಲಿ ಎರಡೂ ಬೆರಕೆಯಾಗಿವೆ. ನಮ್ಮ ಮಳೆಗೆ ಹೊಂದುವುದು ಎರಡನೆಯದೇ ಎಂಬುದು ನಮ್ಮ ಅಭಿಪ್ರಾಯ.

ಇಷ್ಟು ಹಳೆಯ ಬೆಳೆ ಇದ್ದೂ ನಮ್ಮ ನಾರು ಪೇಟೆಯಲ್ಲಿ ಯಾಕೆ ನಿಲ್ಲುತ್ತಿಲ್ಲ? ಒಂದೇ ಗಿಡದಿಂದ ಮೂರು ಕೆಲಸ ತೆಗೆಯುತ್ತೇವೆ. ಶ್ರಾವಣದ ತನಕ ಕುಡಿ ಚಿವುಟಿ ಪಲ್ಯ, ಆಮೇಲೆ ಬೀಜ, ಗಿಡ ಒಣಗಿ ನಿಂತ ಮೇಲೆ ಕಡೆಗೆ ನಾರು. ಕುಡಿ ಚಿವುಟಿದರೆ ಗಿಡ ಕವಲೊಡೆಯುತ್ತದೆ. ಕವಲಿನ ಬುಡದಲ್ಲಿ ನಾರಿನ ಎಳೆ ತಿರುವಿಕೊಳ್ಳುವುದರಿಂದ ಬಿಡಿಸುವಾಗ ಅಲ್ಲೇ ಹರಿಯುತ್ತದೆ. ಬೀಜ ಬಲಿಯುವ ತನಕ ಬಿಟ್ಟರೆ ಎಳೆ ಕಟ್ಟಿಗೆಯಂತೆ ಬಿರುಸಾಗುತ್ತದೆ. ಅಷ್ಟರಲ್ಲಿ ಡಿಸೆಂಬರ್ ಬಂದಿರುತ್ತದೆ. ಹಳ್ಳದಲ್ಲಿ ನೀರಿಲ್ಲ, ಇದ್ದ ನೀರೂ ತಣ್ಣಗೆ. ನಾರಿಗಾಗಿ ಬೆಳೆದ ಪುಂಡಿಯನ್ನು ಅರ್ಧದಷ್ಟು ಗಿಡ ಹೂಬಿಟ್ಟಾಗಲೇ ಕೊಯ್ಯಬೇಕು. ಆಗ ಎಳೆಗೆ ಬಲವೂ ಇರುತ್ತದೆ, ಮೆದುವೂ ಇರುತ್ತದೆ. ಹಾಗಾಗಿ ನಾರಿನ ಸಾಲು, ಪಲ್ಯದ ಸಾಲು, ಬೀಜದ ಸಾಲು ಬೇರೆ ಬೇರೆ ಇರಬೇಕು. ಬೀಜಕ್ಕಾಗಿ ಇಡುವ ಗಿಡವನ್ನು ಸ್ವಲ್ಪ ತಡವಾಗಿ, ಅಗಲ ಬಿಟ್ಟು ಬಿತ್ತಿದರೆ ಕವಲೂ ಹೆಚ್ಚು, ಕಾಯಿಯೂ ಹೆಚ್ಚು. ನಾರಿಗೆ ದೋಷವಾದದ್ದು ಬೀಜಕ್ಕೆ ಗುಣ.

ಬಿತ್ತನೆಯ ಕಾಲದಲ್ಲಿ ಪುಂಡಿ ರಿಯಾಯಿತಿ ಕೊಡುವುದಿಲ್ಲ. ಹಗಲು ಕಿರಿದಾಗುತ್ತ ಬಂದಂತೆ ಹೂಬಿಡುವ ಗಿಡ ಇದು. ಜೂನ್ ಮೊದಲ ಭಾಗದ ಮಿರಗ ಮಳೆಗೆ ಬಿತ್ತಿದರೂ ಅಷ್ಟೇ, ತಿಂಗಳು ತಡೆದು ಬಿತ್ತಿದರೂ ಅಷ್ಟೇ, ಹೂವು ಹೆಚ್ಚುಕಡಿಮೆ ಒಂದೇ ವೇಳೆಗೆ ಬರುತ್ತದೆ. ತಡವಾದಷ್ಟು ದಿನದ ಎತ್ತರ ಕೈಬಿಟ್ಟಂತೆ, ನಾರು ಇರುವುದೇ ಎತ್ತರದಲ್ಲಿ. ನಮ್ಮ ಕಡೆ ಜೂನ್‌ನಲ್ಲಿ ಮಳೆ ಕೈಕೊಡುತ್ತದೆ, ಸೆಪ್ಟೆಂಬರ್‌ನಲ್ಲಿ ಸುರಿಯುತ್ತದೆ. ಬಾವಿ ಇದ್ದವರು ಬಿತ್ತುವಾಗ ಒಂದು, ಜುಲೈ ಕೊನೆಗೆ ಒಂದು ನೀರು ಕೊಟ್ಟರೆ ಗಿಡ ಆಳೆತ್ತರ ಮೀರಿ ಹೋಗುತ್ತದೆ.

ಎಕರೆಗೆ 5ರಿಂದ 6 ಕಿಲೋ ಬೀಜ ಸಾಕು. ಕಿಲೋ ಬೀಜಕ್ಕೆ 3 ಗ್ರಾಂ ಮ್ಯಾಂಕೊಜೆಬ್ ಸವರಿ, ಕೂರಿಗೆಯಲ್ಲಿ ಒಂದಡಿ ಅಂತರದ ಸಾಲು ಹಿಡಿದು, ಒಂದಂಗುಲಕ್ಕಿಂತ ಆಳಕ್ಕೆ ಹೋಗದಂತೆ ಬಿತ್ತಬೇಕು. ಎರೆಭೂಮಿಯಲ್ಲಿ ಆಳಕ್ಕೆ ಬಿದ್ದ ಬೀಜದ ಮೇಲೆ ಹೆಪ್ಪುಗಟ್ಟಿದರೆ ಮೊಳಕೆ ಮೇಲೇಳುವುದಿಲ್ಲ. ಮೂರು ವಾರಕ್ಕೆ ಎಡೆ ಹೊಡೆದು, ಸಾಲಿನಲ್ಲಿ ಗಿಡದಿಂದ ಗಿಡಕ್ಕೆ ನಾಲ್ಕಂಗುಲ ಉಳಿಸಿ ತೆಳುಮಾಡಬೇಕು. ಇದಕ್ಕಿಂತ ವಿರಳವಾದರೆ ಕವಲು, ಒತ್ತಾದರೆ ಕಡ್ಡಿಯಂಥ ಗಿಡ. ಮಳೆಯಾಶ್ರಿತಕ್ಕೆ ಎಕರೆಗೆ 16 ಕಿಲೋ ಸಾರಜನಕ, 8 ಕಿಲೋ ರಂಜಕ, 8 ಕಿಲೋ ಪೊಟ್ಯಾಷ್ ಮುಟ್ಟಬೇಕು. ಸಾರಜನಕವನ್ನು ಎರಡು ಕಂತಿನಲ್ಲಿ ಕೊಡುವುದು ಲೇಸು. ತೊಗರಿಯಲ್ಲಿ ಅಕ್ಕಡಿ ಹಾಕುವವರು ಒಂಟಿ ಸಾಲು ಹಾಕುತ್ತಾರೆ, ಅದು ಪಲ್ಯಕ್ಕೆ ಸರಿ. ನಾರಿಗಾದರೆ ನಾಲ್ಕೈದು ಸಾಲಿನ ಪಟ್ಟೆ ಇರಬೇಕು. ಎರಡೂ ಕಡೆಯಿಂದ ಬೆಳಕು ಬಿದ್ದ ಗಿಡ ಅಗಲಕ್ಕೆ ಹೋಗುತ್ತದೆ, ನಡುವಿನ ಗಿಡ ನೆಟ್ಟಗೆ ಮೇಲೆ ಹೋಗುತ್ತದೆ.

ರೋಗದಲ್ಲಿ ದೊಡ್ಡದು ಬುಡಕೊಳೆ. ನೆಲದಿಂದ ಗೇಣು ಮೇಲೆ ಕಾಂಡಕ್ಕೆ ಕಂದು ಕಪ್ಪು ಪಟ್ಟಿ ಬಿದ್ದು ಗಿಡ ಜೋತುಬೀಳುತ್ತದೆ. ಹೊಲದಲ್ಲಿ ಒಂದು ದಿನ ನೀರು ನಿಂತರೂ ಸಾಕು, ಸಾಲುಗಟ್ಟಲೆ ಹರಡುತ್ತದೆ. ಬಸಿಗಾಲುವೆ ತೆಗೆಯುವುದು, ಅದೇ ಜಾಗದಲ್ಲಿ ವರ್ಷವರ್ಷ ಹಾಕದಿರುವುದು, ಇವೆರಡೇ ನಿಜವಾದ ಮದ್ದು. ಹತ್ತಿ, ಬೆಂಡೆಯ ಪಕ್ಕದಲ್ಲಂತೂ ಬೇಡ. ಮೂರೂ ಒಂದೇ ಬಳಗ, ಹಿಟ್ಟುತಿಗಣೆ ಅಲ್ಲಿಂದ ಇಲ್ಲಿಗೆ ನಡೆದು ಬಂದು ಕುಡಿಯನ್ನು ಮುದುಡಿಸಿಬಿಡುತ್ತದೆ.

ಇಷ್ಟೆಲ್ಲ ರೈತ ಮಾಡಿಕೊಳ್ಳಬಲ್ಲ. ಕೈಮೀರುವುದು ಕೊಯ್ಲಾದ ಮೇಲೆ.

ಕೊಯ್ದ ಗಿಡವನ್ನು ಗೇಣಗಲದ ಸೂಡು ಕಟ್ಟಿ, ಎಲೆ ಉದುರಲು ಮೂರು ನಾಲ್ಕು ದಿನ ಹೊಲದಲ್ಲೇ ನಿಲ್ಲಿಸುತ್ತಾರೆ. ದಪ್ಪ ಗಿಡ, ಸಣ್ಣ ಗಿಡ ಬೇರೆ ಬೇರೆ ಸೂಡಿಗೆ ಹೋಗಬೇಕು, ಇಲ್ಲವಾದರೆ ಸಣ್ಣದು ಕೊಳೆತು ಹಾಳಾಗುವಾಗ ದಪ್ಪದ್ದು ಇನ್ನೂ ಹಸಿಯೇ ಇರುತ್ತದೆ. ಆಮೇಲೆ ಬುಡದ ಒಂದೆರಡು ಅಡಿ ಮಾತ್ರ ಮುಳುಗುವಂತೆ ಎರಡು ಮೂರು ದಿನ ನೆಟ್ಟಗೆ ನಿಲ್ಲಿಸಬೇಕು. ಬುಡದ ತೊಗಟೆ ದಪ್ಪ, ಅದಕ್ಕೆ ಮುಂಚಿತವಾಗಿ ನೀರು ಕುಡಿಸದಿದ್ದರೆ ಕೊನೆಗೆ ನಾರಿನ ಬುಡದಲ್ಲಿ ತೊಗಟೆ ಅಂಟಿಕೊಂಡೇ ಉಳಿಯುತ್ತದೆ. ವ್ಯಾಪಾರಿ ಮೊದಲು ಕೈಹಾಕಿ ನೋಡುವುದೇ ಅಲ್ಲಿ. ನಂತರ ಸೂಡುಗಳನ್ನು ಅಡ್ಡ ಮಲಗಿಸಿ, ಮೇಲೆ ಕನಿಷ್ಠ ನಾಲ್ಕಂಗುಲ ನೀರು ನಿಲ್ಲುವಂತೆ ಭಾರ ಹೇರಬೇಕು. ಭಾರಕ್ಕೆ ಕಲ್ಲು, ಅಥವಾ ಮರಳು ತುಂಬಿದ ಚೀಲ. ನಮ್ಮಲ್ಲಿ ಕೈಗೆ ಸಿಗುವುದು ಜಾಲಿ ತುಂಡು ಮತ್ತು ಕೆಸರು, ಇವೆರಡೂ ನಾರಿಗೆ ವೈರಿ. ಜಾಲಿಯ ಒಗರು ಮಣ್ಣಿನ ಕಬ್ಬಿಣದೊಡನೆ ಸೇರಿ ನೀರು ಕಪ್ಪಾಗುತ್ತದೆ, ಬಂಗಾರದ ಬಣ್ಣದಲ್ಲಿ ಬರಬೇಕಾದ ನಾರು ಬೂದಿಬಣ್ಣಕ್ಕೆ ತಿರುಗುತ್ತದೆ. ಎಷ್ಟು ತೊಳೆದರೂ ಆ ಕಪ್ಪು ಬಿಡುವುದಿಲ್ಲ.

ತೊಗಟೆ ಬಿಡಿಸುವುದು ನೀರಿನ ಸೂಕ್ಷ್ಮಜೀವಿಗಳು. ಅವಕ್ಕೆ ಬೆಚ್ಚಗಿನ ನೀರು ಬೇಕು, 34 ಡಿಗ್ರಿ ಸೆಲ್ಸಿಯಸ್ ಆಸುಪಾಸು ಅತ್ಯುತ್ತಮ. ಅಕ್ಟೋಬರ್‌ನಲ್ಲಿ ಎರಡು ಮೂರು ವಾರದಲ್ಲಿ ಮುಗಿಯುವ ಕೆಲಸ ಡಿಸೆಂಬರ್‌ನ ಚಳಿಯಲ್ಲಿ ತಿಂಗಳು ದಾಟುತ್ತದೆ. ಹತ್ತನೇ ದಿನದಿಂದ ದಿನಾ ಸೂಡಿನ ನಡುವಿನ ಒಂದು ಗಿಡ ಎಳೆದು, ಕಾಂಡದ ನಡುಭಾಗದಲ್ಲಿ ಹೆಬ್ಬೆರಳಿನಿಂದ ಒತ್ತಿ ಜಾರಿಸಿ ನೋಡಬೇಕು. ನಾರು ಕಟ್ಟಿಗೆಯಿಂದ ತಾನಾಗಿ ಸರಿದರೆ ಅವತ್ತೇ ತೆಗೆಯಬೇಕು. ಎರಡು ದಿನ ತಡೆದರೆ ಸೂಕ್ಷ್ಮಜೀವಿಗಳು ನಾರನ್ನೇ ತಿನ್ನಲು ತೊಡಗುತ್ತವೆ. ನೋಡಲು ಚೆಂದ ಕಂಡರೂ ಅಂಥ ನಾರು ಹುರಿ ಹೊಸೆಯುವಾಗ ತುಂಡಾಗುತ್ತದೆ. ಬಿಡಿಸಿದ ನಾರನ್ನು ತಿಳಿನೀರಿನಲ್ಲಿ ಜಾಲಾಡಿಸಿ, ಗಳದ ಮೇಲೆ ಹರವಿ ಒಣಗಿಸಬೇಕು, ನೆಲಕ್ಕೆ ತಾಗಿಸಬಾರದು.

ಇದಕ್ಕೆಲ್ಲ ನೀರೆಲ್ಲಿದೆ ಎಂಬುದೇ ಪ್ರಶ್ನೆ. ನಿಂತ ನೀರಿನಲ್ಲಿ ಒಂದು ಪಾಲು ಗಿಡಕ್ಕೆ ಇಪ್ಪತ್ತು ಪಾಲು ನೀರು ಬೇಕು. ಎಲೆ ಉದುರಿದ ಮೇಲೆ ಎಕರೆಗೆ 8 ಟನ್ ಕಾಂಡ ಉಳಿದರೆ 1 ಲಕ್ಷ 60 ಸಾವಿರ ಲೀಟರ್. ಬೋರಿ ನದಿಯ ಮಡುವಿನಲ್ಲೋ ಊರ ಕೆರೆಯಲ್ಲೋ ಹಾಕಿದರೆ ನೀರಿನ ಉಸಿರು ಕಟ್ಟಿ ಮೀನು ಸಾಯುತ್ತವೆ, ದನ ಮೂಸಿ ನೋಡುವುದಿಲ್ಲ, ಊರಿನವರು ಬೈಯುತ್ತಾರೆ. ಅವರು ಬೈಯುವುದು ನ್ಯಾಯವೇ. ದ್ರಾಕ್ಷಿ ದಾಳಿಂಬೆಯವರ ಶೇತತಳೆ, ಅಂದರೆ ಕೃಷಿಹೊಂಡದಲ್ಲೂ ಆಗದು. ಕಲ್ಲು ಹೇರಿದರೆ ಪ್ಲಾಸ್ಟಿಕ್ ಹಾಸು ಹರಿಯುತ್ತದೆ, ಕೊಳೆನೀರು ಹನಿ ನೀರಾವರಿಯ ಬಾಯಿ ಕಟ್ಟುತ್ತದೆ.

ಆದ್ದರಿಂದ ಕೊಳೆಹಾಕಲೆಂದೇ ಪ್ರತ್ಯೇಕ ಹೊಂಡ ಬೇಕು. 30 ಅಡಿ ಉದ್ದ, 20 ಅಡಿ ಅಗಲ, 4 ಅಡಿ ಆಳ, ಒಳಗೆ ಕಲ್ಲು ಕಟ್ಟಿ ಸಿಮೆಂಟ್ ಗಿಲಾವು. ಇದರಲ್ಲಿ ಸುಮಾರು 68 ಸಾವಿರ ಲೀಟರ್ ಹಿಡಿಯುತ್ತದೆ. ಇಡೀ ಕಾಂಡ ಹಾಕಿದರೆ ಇದು ಅರ್ಧ ಎಕರೆಗೂ ಸಾಲದು. ಇಲ್ಲೇ ಯಂತ್ರದ ಮಾತು ಬರುವುದು. ಹಸಿ ಗಿಡದ ತೊಗಟೆಯನ್ನು ಮೊದಲೇ ಪಟ್ಟಿಪಟ್ಟಿಯಾಗಿ ಸುಲಿದು ಅದನ್ನಷ್ಟೇ ಕೊಳೆಹಾಕಿದರೆ ಎಕರೆಗೆ ಹೊಂಡಕ್ಕೆ ಇಳಿಯುವ ಸರಕು 3 ಟನ್ ಸುಮಾರಿಗೆ ಬರುತ್ತದೆ, ಅದೇ ಹೊಂಡ ಒಂದೆಕರೆಗೆ ಸಾಕಾಗುತ್ತದೆ, ದಿನಗಳೂ ಕಡಿಮೆ. ಬ್ಯಾರಕಪುರದ ಕೇಂದ್ರೀಯ ಸೆಣಬು ಸಂಶೋಧನಾ ಸಂಸ್ಥೆ ರೂಪಿಸಿದ ‘ಕ್ರೈಜಾಫ್ ಸೋನಾ’ ಎಂಬ ಸೂಕ್ಷ್ಮಜೀವಿ ಪುಡಿ ಬೆರೆಸಿದರೆ ಇನ್ನೂ ಬೇಗ, ಬಣ್ಣವೂ ತಿಳಿ. ಊರಿನ ಬೆಳೆಗಾರರು ಸರದಿಯಲ್ಲಿ ಹೊಂಡ ಬಳಸಬಹುದು. ಕೆಲಸ ಮುಗಿದ ನೀರನ್ನು ಹಿಂಗಾರಿ ಜೋಳಕ್ಕೆ ಹಾಯಿಸಬಹುದು, ಬೆಳೆಗೆ ಅದು ಗೊಬ್ಬರದ ನೀರು. ಹೊಂಡಗಳಿಗೆ ನಿಯೋಜನ ಸಮಿತಿಯ ಹಣವಾಗಲಿ, ತಮ್ಮ ಶಾಸಕರ ನಿಧಿಯಾಗಲಿ ಒದಗಲಿ. ಯಂತ್ರವನ್ನು ಕೃಷಿ ಉಪಕರಣ ಬಾಡಿಗೆಗೆ ಕೊಡುವ ಅವಜಾರ ಕೇಂದ್ರಗಳಲ್ಲಿ ಇಡಿಸಬಹುದು.

ಬೀಜದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಅಂಗಡಿಯಲ್ಲಿ ಸಿಗುವುದು ಪಲ್ಯದ ಬೀಜ, ಅದು ಪೊದೆಯಾಗುವ ತಳಿ. ಶ್ರೀಕಾಕುಳಂ ಜಿಲ್ಲೆಯ ಆಮದಾಲವಲಸ ಸಂಶೋಧನಾ ಕೇಂದ್ರದ ಎಎಂವಿ-5 ‘ದುರ್ಗಾ’ದಂಥ ನಾರಿನ ತಳಿಗಳನ್ನು ತರಿಸಿ, ಸೋಲಾಪುರದ ಒಣಬೇಸಾಯ ಸಂಶೋಧನಾ ಕೇಂದ್ರದಲ್ಲಿ ನಮ್ಮ ಊರಿನ ಪುಂಡಿಯ ಜೊತೆ ಬೆಳೆದು ನೋಡಲಿ. ನಮ್ಮ ಮಣ್ಣಿಗೆ ಯಾವುದು ಗೆಲ್ಲುತ್ತದೋ ಅದನ್ನು ಕೊಡಲಿ.

ಲೆಕ್ಕವನ್ನೂ ಮುಚ್ಚಿಡದೆ ಹೇಳುತ್ತೇವೆ. ಮಳೆಯಾಶ್ರಿತದಲ್ಲಿ ಎಕರೆಗೆ 4 ಕ್ವಿಂಟಲ್ ನಾರು ಬಂದರೆ ಒಳ್ಳೆಯದು. 2025–26ರ ಹಂಗಾಮಿಗೆ ಕೇಂದ್ರ ಸರಕಾರ ಕಚ್ಚಾ ಸೆಣಬಿನ ಟಿಡಿ-3 ದರ್ಜೆಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ 5,650 ರೂಪಾಯಿ. ಆ ಬೆಲೆಯೇ ಸಿಕ್ಕರೂ 22,600 ರೂಪಾಯಿ, ಪುಂಡಿ ನಾರು ಸಾಮಾನ್ಯವಾಗಿ ಸೆಣಬಿಗಿಂತ ಕೆಳಗೇ ಮಾರುತ್ತದೆ. ತೊಗರಿಗೆ ಅದೇ ವರ್ಷ 8,000 ರೂಪಾಯಿ ಬೆಂಬಲ ಬೆಲೆ ಇತ್ತು, 3 ಕ್ವಿಂಟಲ್ ಬೆಳೆದರೂ ತೊಗರಿಯೇ ಮೇಲು, ಕೂಲಿಯೂ ಕಡಿಮೆ. ತೊಗರಿ ಕಿತ್ತು ಪುಂಡಿ ಹಾಕಿ ಎಂದು ಯಾವ ಅಧಿಕಾರಿಯೂ ಗುರಿ ಕೊಡಬಾರದು. ತೊಗರಿಯ ನಡುವಿನ ಪಟ್ಟೆಯಲ್ಲಿ, ಬದುವಿನ ಬದಿಯಲ್ಲಿ ಪುಂಡಿ ಇರಲಿ. ಅದರ ಹಣ ಹೆಣ್ಣುಮಕ್ಕಳ ಕೈಗೆ ಬರುತ್ತದೆ, ನಾರು ಬಿಡಿಸುವವರು, ಹುರಿ ಹೊಸೆಯುವವರು ಹೆಚ್ಚಾಗಿ ಅವರೇ. ಕಚ್ಚಾ ನಾರು ಮಾರುವುದಕ್ಕಿಂತ ಕಣ್ಣಿ, ದಾವಣಿ, ಮೂಗುದಾರ ಮಾಡಿ ಮಾರಿದರೆ ಲಾಭ ಹೆಚ್ಚು. ಕಾರಹುಣ್ಣಿಮೆಯ ಸಂತೆಯಲ್ಲಿ ಈಗ ನೈಲಾನ್ ಹಗ್ಗವೇ ತುಂಬಿದೆ, ಎತ್ತಿನ ಕೊರಳು ಉಜ್ಜಿ ಗಾಯವಾದರೂ ಬೇರೆ ಸಿಗದೆ ಅದನ್ನೇ ಕೊಳ್ಳುತ್ತಾರೆ.

ಖರೀದಿಗೆ ಭಾರತೀಯ ಸೆಣಬು ನಿಗಮವಿದೆ, ಮೆಸ್ತಾ ಕೂಡ ಅದು ಕೊಳ್ಳುವ ಸರಕು. ಆದರೆ ಅದರ ಖರೀದಿ ಕೇಂದ್ರಗಳು ಹೆಚ್ಚಾಗಿ ಪೂರ್ವ, ಈಶಾನ್ಯ ಭಾರತದ ಕಡೆಗೆ. ದುಧನಿಯ ಮಾರುಕಟ್ಟೆಯಲ್ಲಿ ನವೆಂಬರ್‌ ಕೊನೆಗೆ ಒಂದು ವಾರ ಖರೀದಿ ನಡೆಸಿ, ದರ್ಜೆ ಕಟ್ಟುವವರನ್ನು ಕಳಿಸಿ ಎಂದು ತಾವು ನಿಗಮಕ್ಕೆ ಬರೆಯಬೇಕು. ಸೆಣಬಿನ ಚೀಲ ಕಡ್ಡಾಯ ಮಾಡುವ 1987ರ ಕಾಯ್ದೆಯಡಿಯ ಆದೇಶದ ಪ್ರಕಾರ ಸಕ್ಕರೆಯ ಶೇ 20 ಭಾಗ ಸೆಣಬಿನ ಚೀಲದಲ್ಲೇ ತುಂಬಬೇಕು, ನಮ್ಮ ಜಿಲ್ಲೆಯಷ್ಟು ಸಕ್ಕರೆ ಕಾರ್ಖಾನೆ ಇರುವ ಜಿಲ್ಲೆಗಳು ಕಡಿಮೆ. ಚೀಲ ಹೊಲಿಯುವ ಸುತಳಿಯನ್ನಾದರೂ ಇಲ್ಲಿನ ನಾರಿನಿಂದ ಕೊಳ್ಳುವಂತೆ ಕಾರ್ಖಾನೆಗಳೊಂದಿಗೆ ಮಾತಾಡಿ.

ಇನ್ನೊಂದು: ಈ ಕೆಲಸದ ಕರಪತ್ರ, ತರಬೇತಿ ಮರಾಠಿಯ ಜೊತೆ ಕನ್ನಡದಲ್ಲೂ ಇರಲಿ. ಹೊಂಡದ ಬಳಿ ನಿಂತು ಹೆಬ್ಬೆರಳಿನಿಂದ ನಾರು ಸರಿಸಿ ನೋಡುವ ಹೆಂಗಸರು ಓದುವುದು ಕನ್ನಡವನ್ನೇ.

ಹೊಂಡದ ಅಗೆತ, ಕಟ್ಟಡ ಏಪ್ರಿಲ್-ಮೇಯಲ್ಲೇ ಆಗಬೇಕು, ಮಳೆ ಹಿಡಿದ ಮೇಲೆ ಎರೆಭೂಮಿಯಲ್ಲಿ ಅಡಿಪಾಯ ನಿಲ್ಲುವುದಿಲ್ಲ. ಬೀಜ ಮೇ ಕೊನೆಯೊಳಗೆ, ಯಂತ್ರ ಸೆಪ್ಟೆಂಬರ್‌ನೊಳಗೆ ಬಂದರೆ ಆ ವರ್ಷದ ಬೆಳೆಯೇ ಹೊಂಡಕ್ಕೆ ಇಳಿಯುತ್ತದೆ. ಮೊದಲ ವರ್ಷ ಐದು ಊರು ಸಾಕು. ಬಾವಿನೀರು ಹತ್ತಿರವಿರುವ, ಕುಡಿಯುವ ನೀರಿನ ಸೆಲೆಯಿಂದ ದೂರವಿರುವ ಜಾಗ ತೋರಿಸಲು ನಾವು ತಯಾರಿದ್ದೇವೆ, ತಾವು ದಿನ ತಿಳಿಸಿ.

ತಮ್ಮ ವಿಶ್ವಾಸಿಗಳು,
ಅಕ್ಕಲಕೋಟೆ ತಾಲೂಕಿನ ಪುಂಡಿ ಬೆಳೆಗಾರರು ಮತ್ತು ಹಗ್ಗ ಹೊಸೆಯುವವರು