ವರ್ಷದ ಪೂಜೆ ಮುಗಿದ ಮೇಲೆ

ಕಳೆದ ಭಾನುವಾರ ಹೊನ್ನಾವರದಲ್ಲಿ ನಮ್ಮ ಮನೆಯವರು, ನನ್ನ ಗಂಡ, ತೀರಿಕೊಂಡು ವರ್ಷವಾದ ಪೂಜೆ ಆಯಿತು. ಇಗರ್ಜಿ (ಚರ್ಚ್) ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಕೈ ಮುಗಿದೆ, ಬಾಯಿಂದ ಮಾತು ಹೊರಡಲಿಲ್ಲ. ಹೇಳಬೇಕಿದ್ದನ್ನು ಈಗ ಬರೆಯುತ್ತಿದ್ದೇನೆ. ಕಾಯಿಲೆ ಏನು, ಹೇಗೆ ಬಿಗಡಾಯಿಸಿತು ಎಂಬುದೆಲ್ಲ ನಿಮಗೆ ಗೊತ್ತಿರುವುದೇ, ಮತ್ತೆ ಕೆದಕುವುದಿಲ್ಲ.

ಸಂಜೆಯಾದರೆ ಮನೆಗೆ ಬಂದು ತೇರ್ಸ್ (ಜಪಮಾಲೆ ಪ್ರಾರ್ಥನೆ) ಹೇಳಿದ ವಾರ್ಡಿನವರು, ಮಕ್ಕಳನ್ನು ತಮ್ಮಲ್ಲೇ ಉಣಿಸಿ ಮಲಗಿಸಿಕೊಂಡ ಪಕ್ಕದ ಮನೆಯ ಅಣ್ಣ ಅತ್ತಿಗೆ, ರಕ್ತ ಬೇಕೆಂದು ತಿಳಿದ ಕೂಡಲೇ ಬಸ್ ಹತ್ತಿದ ಬಂದರಿನ ಹುಡುಗರು, ಕಾನ್ವೆಂಟಿನ ಸಿಸ್ಟರ್‌ಗಳು, ನಮ್ಮವರ ಜೊತೆ ಕೆಲಸ ಮಾಡುತ್ತಿದ್ದವರು, ನಿಮ್ಮೆಲ್ಲರ ಋಣ ನಮ್ಮ ಮೇಲಿದೆ.

ಇನ್ನು ನನ್ನ ಮಾವ್ಶಿಯ, ಅಂದರೆ ಅಮ್ಮನ ಸೋದರಿಯ, ವಿಷಯ.

ದೊಡ್ಡ ಕಾಯಿಲೆ ಬಂತೆಂದರೆ ನಮ್ಮ ಜಿಲ್ಲೆಯವರಿಗೆ ಮಣಿಪಾಲ, ಮಂಗಳೂರು, ಇಲ್ಲವೇ ಹುಬ್ಬಳ್ಳಿ, ಗೋವಾ. ಆಂಬುಲೆನ್ಸು ಶರಾವತಿ ಸೇತುವೆ ದಾಟುವಾಗ ನನ್ನ ಪಕ್ಕ ಕೂತಿದ್ದವಳು ಚಂದಾವರದ ಮಾವ್ಶಿ. ಎಪ್ಪತ್ತು ದಾಟಿದ ಜೀವ, ಎರಡೂ ಮಂಡಿ ನೋವು. ಮಣಿಪಾಲದಲ್ಲಿ ಐಸಿಯು ಹೊರಗಿನ ನೆಲದ ಮೇಲೆ ಪೇಪರ್ ಹಾಸಿಕೊಂಡು ಕೂತವಳನ್ನು ಯಾರಿಂದಲೂ ಎಬ್ಬಿಸಿ ಕಳಿಸಲಾಗಲಿಲ್ಲ.

ಕೊನೆಯ ರಾತ್ರಿ ಡಾಕ್ಟರು ಹೊರಗೆ ಬಂದು ಹೇಳಬೇಕಾದ್ದನ್ನು ಹೇಳಿ ಹೋದರು. ನಾನು ಮಾವ್ಶಿಗೆ ಅಂದೆ: "ಇನ್ನು ಪ್ರಾರ್ಥನೆ ಸಾಕು. ಅಲ್ಲಿ ಕೇಳೋರು ಯಾರೂ ಇಲ್ಲ." ಅವಳು ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಚೀಲದಿಂದ ಬಾಚಣಿಗೆ, ಕೊಬ್ಬರಿ ಎಣ್ಣೆಯ ಪುಟ್ಟ ಬಾಟಲಿ ತೆಗೆದು ನನ್ನನ್ನು ತನ್ನ ಮುಂದೆ ಕೂರಿಸಿಕೊಂಡಳು. ನನ್ನ ತಲೆಗೆ ಎಷ್ಟೋ ದಿನದಿಂದ ಬಾಚಣಿಗೆ ತಾಗಿರಲಿಲ್ಲ. ಸಿಕ್ಕು ಬಿಡಿಸುವಾಗ ನೋಯದಿರಲೆಂದು ಒಂದು ಕೈಯಲ್ಲಿ ಕೂದಲ ಬುಡ ಹಿಡಿದುಕೊಂಡು, ಇನ್ನೊಂದರಲ್ಲಿ ತುದಿಯಿಂದ ಮೇಲಕ್ಕೆ ನಿಧಾನ ಬಾಚಿದಳು. ಬಾಚುತ್ತಲೇ ತೇರ್ಸ್ ಶುರು ಮಾಡಿದಳು. ಅಂದು ಶುಕ್ರವಾರ, ತೇರ್ಸಿನಲ್ಲಿ ದುಃಖದ ರಹಸ್ಯಗಳ ದಿನ, ಅಂದರೆ ಯೇಸುವಿನ ಯಾತನೆಯ ಐದು ಘಟನೆಗಳನ್ನು ಒಂದೊಂದಾಗಿ ನೆನೆಯುವ ದಿನ. ಮೊದಲನೆಯದು ಗೆತ್ಸೆಮನೆ ತೋಟದಲ್ಲಿ ಯೇಸು ಪಟ್ಟ ಸಂಕಟ. ಹತ್ತು ಮಣಿ ಮುಗಿದವು. ಎರಡನೆಯದಕ್ಕೆ ಹೋಗದೆ ಮತ್ತೆ ಅದನ್ನೇ ಹಿಡಿದಳು. ಆಮೇಲೆ ಮತ್ತೂ ಅದನ್ನೇ. ಮುಂದಿನದು ಯಾಕೆ ಹೇಳ್ತಿಲ್ಲ ಅಂತ ಕೇಳಿದೆ.

"ನಾವಿನ್ನೂ ತೋಟದಲ್ಲೇ ಇದ್ದೇವೆ ಪುತಾ. ಅವನೂ ಅಲ್ಲಿ ಅದೇ ಮಾತನ್ನ ಮೂರು ಸಲ ಹೇಳಿದ. ನಿನಗೆ ಹೇಳೋಕೆ ಆಗದಿದ್ರೆ ಬಿಡು, ನಾನು ಹೇಳ್ತೇನೆ."

ಒಂದು ಗಂಟೆ ಎಚ್ಚರ ಇರಿ ಎಂದು ಯೇಸು ಸ್ವಾಮಿ ಆ ತೋಟದಲ್ಲಿ ಕೇಳಿಕೊಂಡರೂ ಶಿಷ್ಯರು ನಿದ್ದೆ ಹೋದರು. ನನ್ನ ಮಾವ್ಶಿ ಬೆಳಗಿನವರೆಗೆ ಕಣ್ಣು ಮುಚ್ಚಲಿಲ್ಲ. ಮರುದಿನ ಮಧ್ಯಾಹ್ನ ನಮ್ಮವರು ಹೋದಾಗ ಅವರ ಕಾಲ ಬಳಿ ಇದ್ದವಳೂ ಅವಳೇ.

ಅವಳ ಪರ್ಸಿನಲ್ಲಿ ಸಂತ ಜೋಸೆಫ್ ವಾಜರ ಮಾಸಿದ ಚಿತ್ರ ಇದೆ. ಗೋವಾದಲ್ಲಿ ಹುಟ್ಟಿ, 1681ರಿಂದ ಮೂರು ವರ್ಷ ನಮ್ಮ ಕೆನರಾ ಸೀಮೆಯಲ್ಲಿ ಸೇವೆ ಮಾಡಿ, ಆಮೇಲೆ ಲಂಕೆಗೆ ಹೋದವರು. ಕ್ಯಾಂಡಿಯಲ್ಲಿ ಅವರನ್ನು ಗೂಢಚಾರನೆಂದು ಸೆರೆಯಲ್ಲಿಟ್ಟರು. 1697ರಲ್ಲಿ ಅದೇ ಊರಿಗೆ ಸಿಡುಬು ಬಂದು ಜನ ರೋಗಿಗಳನ್ನು ಬಿಟ್ಟು ಓಡಿದಾಗ, ಅವರು ಅಲ್ಲೇ ನಿಂತು ಆರೈಕೆ ಮಾಡಿದರು. 2015ರಲ್ಲಿ ಅವರಿಗೆ ಸಂತ ಪದವಿ ಸಿಕ್ಕಾಗ ಮಾವ್ಶಿ ಇಡೀ ದಿನ ಟಿವಿ ಮುಂದೆ ಕೂತಿದ್ದಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಅವಳು, ರೋಗಿಯ ಹತ್ತಿರ ಕೂರುವುದನ್ನು ಆ ಚಿತ್ರದವರಿಂದ ಕಲಿತಳೆಂದೇ ನನ್ನ ನಂಬಿಕೆ.

ಒಂದು ಮಾತು ಹೇಳದೆ ಇರಲಾರೆ. ಮಣ್ಣು ಮಾಡಿ ಬಂದ ವಾರದಲ್ಲೇ ಒಬ್ಬರು, ನಿಮ್ಮ ವಿಶ್ವಾಸ ಇನ್ನೂ ಗಟ್ಟಿಯಾಗಿದ್ದಿದ್ದರೆ ಅವರು ಉಳಿಯುತ್ತಿದ್ದರು ಎಂದರು. ಎದೆಗೆ ಚೂರಿ ಹಾಕಿದ ಹಾಗಾಯಿತು. ಎಷ್ಟೋ ರಾತ್ರಿ ಅದೇ ಮಾತು ಕಿವಿಯಲ್ಲಿ. ಹಾಗಾದರೆ ಸಂತ ಪೌಲರ ವಿಶ್ವಾಸವೂ ಕಡಿಮೆಯಿತ್ತೇ? ಮೈಗೆ ನಾಟಿದ ಮುಳ್ಳು ತೆಗೆ ಎಂದು ಅವರೂ ಮೂರು ಸಲ ಬೇಡಿದರು. ಮುಳ್ಳು ಹೋಗಲಿಲ್ಲ, ಕೃಪೆ ಸಾಕು ಎಂಬ ಉತ್ತರ ಬಂತು. ಗೆತ್ಸೆಮನೆಯಲ್ಲಿ ಬೇಡಿಕೊಂಡರೂ ಆ ಸಂಕಟದ ಪಾತ್ರೆ ದೇವರ ಮಗನಿಂದಲೇ ದೂರವಾಗಲಿಲ್ಲ. ದುಃಖದಲ್ಲಿರುವವರ ಮನೆಗೆ ಹೋಗುವವರು ದಯವಿಟ್ಟು ಇದನ್ನು ನೆನಪಿಡಿ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕೂತಿದ್ದರಲ್ಲ, ಆಮೇಲೆ ಬಾಯಿ ತೆರೆದು ಅವನದೇ ತಪ್ಪು ಎನ್ನುವವರೆಗೆ ಅವರು ಒಳ್ಳೆಯವರೇ ಆಗಿದ್ದರು.

ನಮ್ಮ ಫಾದರ್‌ಗೆ ಬೇರೆಯಾಗಿ ವಂದನೆ. ನನಗೆ ಪೂಜೆಗೆ ಬರಲಾಗದ ದಿನಗಳಲ್ಲಿ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಮನೆಗೇ ಬಂದು ಬೈಬಲಿನ 88ನೇ ಕೀರ್ತನೆ ತೆರೆದು ಕೊಟ್ಟರು. ಅದು ಮೊದಲಿಂದ ಕೊನೆಯವರೆಗೆ ಗೋಳು, ಮುಗಿಯುವುದೂ ಕತ್ತಲಲ್ಲೇ. ಧರ್ಮಸಭೆಯ ರಾತ್ರಿ ಪ್ರಾರ್ಥನೆಯಲ್ಲಿ ಪ್ರತಿ ಶುಕ್ರವಾರ ಅದನ್ನೇ ಹೇಳುತ್ತಾರಂತೆ. ನನ್ನ ಸಿಟ್ಟನ್ನೂ ದೇವರೆದುರೇ ಇಟ್ಟು ಅಳಬಹುದು ಎಂದು ಗೊತ್ತಾದದ್ದು ಆಗ. ಈ ವರ್ಷವಿಡೀ ನಾನು ನಿಂತದ್ದು ಅದರಿಂದಲೇ. ಸಮಾಧಾನವೆಲ್ಲ ಬಂದುಬಿಟ್ಟಿದೆ ಎಂದಲ್ಲ. ಅವರ ಚಪ್ಪಲಿ ಇನ್ನೂ ಬಾಗಿಲಲ್ಲೇ ಇದೆ. ಆದರೂ ದಿನಾ ಸಂಜೆ ಮಕ್ಕಳೊಂದಿಗೆ ತೇರ್ಸ್ ಹೇಳುತ್ತೇವೆ, ಈಗ ಐದೂ ರಹಸ್ಯಗಳನ್ನು.

ಮಣಿಪಾಲಕ್ಕೋ ಮಂಗಳೂರಿಗೋ ಹೋಗುವ ನಮ್ಮ ಕಡೆಯ ಯಾರಿಗೇ ಆಗಲಿ, ಯಾವ ಜಾತಿ ಧರ್ಮದವರಿಗೇ ಆಗಲಿ, ರಾತ್ರಿ ಜೊತೆಗೆ ಕೂರಲು ಒಬ್ಬರು ಬೇಕಿದ್ದರೆ ನನಗೆ ಹೇಳಿಕಳಿಸಿ. ಬರುತ್ತೇನೆ. ಮಾವ್ಶಿ ತಾನೂ ಬರುತ್ತೇನೆ ಅನ್ನುತ್ತಿದ್ದಾಳೆ, ಅವಳ ಮಂಡಿ ನೋಡಿಕೊಂಡು ನಿರ್ಧರಿಸೋಣ.