ಕೋಬ್ರಾ ರೆಪ್ಲಿಕಾಗೆ ಗೇರ್‌ಬಾಕ್ಸ್: ಆರ್ಡರ್ ಮಾಡುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ಕೋಬ್ರಾ ಕಿಟ್ (1960ರ ದಶಕದ ಶೆಲ್ಬಿ ಕೋಬ್ರಾ ಸ್ಪೋರ್ಟ್ಸ್ ಕಾರಿನ ನಕಲು, ಬಿಡಿಭಾಗಗಳಿಂದ ನಾವೇ ಜೋಡಿಸುವುದು) ಕಟ್ಟುತ್ತಿರುವವರು "ಯಾವ ಗೇರ್‌ಬಾಕ್ಸ್ ಹಾಕಲಿ?" ಅಂತ ಅಷ್ಟೇ ಕೇಳಬೇಡಿ. ಇಂಜಿನ್ ಟಾರ್ಕ್ (ತಿರುಗಿಸುವ ಬಲ), ಹಿಂದಿನ ಆಕ್ಸಲ್ ರೇಶಿಯೋ (ಚಕ್ರ ಒಂದು ಸುತ್ತು ತಿರುಗಲು ಗೇರ್‌ಬಾಕ್ಸಿನಿಂದ ಬರುವ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನುವುದು), ಟೈರಿನ ಎತ್ತರ, ಮೂರನ್ನೂ ಬರೆಯಿರಿ. ಇಲ್ಲದಿದ್ದರೆ ಯಾರು ಏನು ಹೇಳಿದರೂ ಸುಮ್ನೆ ಊಹೆ.

ಸಾಧಾರಣ ಫೋರ್ಡ್ 302 (302 ಘನ ಇಂಚಿನ ವಿ8) ಇಂಜಿನ್ನಿಗೆ ಟ್ರೆಮೆಕ್ ಕಂಪನಿಯ ಐದು ಗೇರಿನ ಟಿ5 ಸಾಕು. ಹಗುರ, ಗೇರ್ ಬೆಣ್ಣೆಯ ಹಾಗೆ ಬೀಳುತ್ತದೆ, ಆದರೆ ಅದರ ಟಾರ್ಕ್ ಮಿತಿ 300 ಪೌಂಡ್-ಅಡಿಯ ಆಸುಪಾಸು. 427ರಂಥ ದೊಡ್ಡ ಇಂಜಿನ್ ಇದ್ದರೆ ಟ್ರೆಮೆಕ್‌ನದೇ ಐದು ಗೇರಿನ ಟಿಕೆಎಕ್ಸ್ ನೋಡಿ, 600ರವರೆಗೆ ತಡೆಯುತ್ತದೆ. 1960ರ ದಶಕದ ಕಾರಿನಂತೆಯೇ ಇರಬೇಕು ಅನ್ನುವವರಿಗೆ ಫೋರ್ಡಿನ ನಾಲ್ಕು ಗೇರಿನ ಟಾಪ್‌ಲೋಡರ್ ಇದ್ದೇ ಇದೆ. ಓವರ್‌ಡ್ರೈವ್ (ವೇಗದಲ್ಲಿ ಹೋಗುವಾಗ ಇಂಜಿನ್ ಸುತ್ತು ಕಡಿಮೆ ಮಾಡುವ ಮೇಲಿನ ಗೇರ್) ಮಾತ್ರ ಇಲ್ಲ.

ಅದರಿಂದ ಏನಾಗುತ್ತದೆ ಅಂದರೆ, 26 ಇಂಚಿನ ಟೈರು, 3.55 ಆಕ್ಸಲ್, ಗಂಟೆಗೆ 70 ಮೈಲಿ ಅಂತ ಇಟ್ಟುಕೊಳ್ಳಿ, ಟಾಪ್‌ಲೋಡರ್‌ನ ನಾಲ್ಕನೇ ಗೇರಿನಲ್ಲಿ ಇಂಜಿನ್ ಸುಮಾರು 3,200 ಆರ್‌ಪಿಎಂನಲ್ಲಿ ಕಿರುಚುತ್ತಿರುತ್ತದೆ, 0.68 ರೇಶಿಯೋದ ಓವರ್‌ಡ್ರೈವ್ ಐದನೇ ಗೇರಿನಲ್ಲಾದರೆ 2,200ರ ಹತ್ತಿರ. ಮೊಣಕೈ ಕೆಳಗೇ ಸೈಡ್ ಪೈಪ್ ಇರುವ ತೆರೆದ ಕಾರು ಇದು, ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ, ಅಲ್ವಾ?

ಮೊದಲ ಗೇರಿನ ರೇಶಿಯೋವನ್ನು ಆಕ್ಸಲ್ ರೇಶಿಯೋದಿಂದ ಗುಣಿಸಿ ನೋಡಿ. 2.87 ಗುಣಿಸು 3.55 ಅಂದರೆ ಹತ್ತರ ಆಸುಪಾಸು, ಇಷ್ಟು ಹಗುರವಾದ ಕಾರಿಗೆ ಚೆನ್ನಾಗಿದೆ. 3.35ರ ಮೊದಲ ಗೇರಿಗೆ 4.10 ಆಕ್ಸಲ್ ಹಾಕಿದರೆ ಸಿಗ್ನಲ್ ದಾಟುವ ಮೊದಲೇ ಎರಡನೇ ಗೇರಿಗೆ ಹೋಗಬೇಕು. ನನಗಂತೂ ಅದು ತಲೆನೋವು. ಡ್ರ್ಯಾಗ್ ರೇಸ್ ಮಾಡುವವರ ಮಾತು ಬೇರೆ.

ಟಿಕೆಎಕ್ಸ್ ತರಿಸುವವರು ಟನಲ್‌ನ (ಗೇರ್‌ಬಾಕ್ಸ್ ಕೂರುವ, ಸೀಟುಗಳ ನಡುವಿನ ಉಬ್ಬು) ಅಗಲ, ಗೇರ್ ಲಿವರ್ ಎಲ್ಲಿ ಮೇಲೆ ಬರುತ್ತದೆ, ಎರಡನ್ನೂ ಟೇಪ್ ಹಿಡಿದು ಅಳೆದು ಫೋಟೋ ಸಮೇತ ಇಲ್ಲೇ ಹಾಕಿ.