ಕ್ಲಬ್‌ಹೌಸ್ ಒಳಾಂಗಣದ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಕ್ಷೆ ನೋಡಿದೆ. ಪೂರ್ವ ಏಷ್ಯಾದ (ಚೀನಾ, ಜಪಾನ್) ಶೈಲಿ ಅಂತ ಬುದ್ಧನ ತಲೆ, ಕೆಂಪು ಲಾಟೀನು, ಡ್ರ್ಯಾಗನ್ ಎಲ್ಲವನ್ನೂ ಒಂದೇ ಹಾಲ್‌ಗೆ ತುಂಬುವುದು ಬೇಡ. ಸುಮ್ನೆ ಅಂಗಡಿ ಥರ ಕಾಣುತ್ತದೆ, ಅಲ್ವಾ?

ಜಪಾನಿನವರು 'ಮಾ' ಅನ್ನುತ್ತಾರೆ, ಬೇಕೆಂದೇ ಬಿಟ್ಟ ಖಾಲಿ ಜಾಗ. ನಮಗೆ ಜಾಸ್ತಿ ಬೇಕಾಗಿರುವುದು ಅದೇ. ನಡುವೆ ಗೋಡೆ ಬದಲು ಜಪಾನಿನ ಶೋಜಿಯಂಥ ಜಾರುಬಾಗಿಲು ಹಾಕಿದರೆ ಹಾಲ್ ಬೇಕಾದಾಗ ಎರಡಾಗುತ್ತದೆ. ನಿಜವಾದ ಶೋಜಿಯಲ್ಲಿ ಮರದ ಚೌಕಟ್ಟಿಗೆ ವಾಶಿ ಎಂಬ ಜಪಾನೀ ಕಾಗದ ಅಂಟಿಸಿರುತ್ತಾರೆ. ಬೆಳಕು ಸೋಸಿ ಬರುತ್ತದೆ. ಆದರೆ ಮಕ್ಕಳ ಕೈಗೆ ಸಿಕ್ಕ ಕಾಗದ ವಾರವೂ ಉಳಿಯದು! ಮಬ್ಬು ಅಕ್ರಿಲಿಕ್ ಇರಲಿ.

ಓದುವ ಮೂಲೆಗೆ ಚೀನೀ ತೋಟಗಳಲ್ಲಿರುವಂಥ ದುಂಡನೆಯ ಬಾಗಿಲು ಚೆನ್ನ. ದೀಪ 2700 ಕೆಲ್ವಿನ್ (ಬೆಚ್ಚನೆಯ ಹಳದಿ ಬೆಳಕು) ಇರಲಿ, ಬಿಳಿ ಟ್ಯೂಬ್‌ಲೈಟ್ ಖಂಡಿತ ಬೇಡ. ಭಾನುವಾರದೊಳಗೆ ನಿಮ್ಮ ಅಭಿಪ್ರಾಯ ಇಲ್ಲೇ ಬರೆಯಿರಿ.